ವೃದ್ಧರ ನಿವಾಸಗಳಲ್ಲಿ ಮಧ್ಯಸ್ಥಿಕೆಯ ಕರಾರು: ಸಮ್ಮತಿಯ ವಿಚಾರ

ನಮ್ಮ ಊರುಗಳಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಖಾಸಗಿಯ ಸಣ್ಣ ಆಸ್ಪತ್ರೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಾದರೋ ವೃದ್ಧರೂ ಅಶಕ್ತರೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೆಲಸಿ ಶುಶ್ರೂಷೆ ಪಡೆಯುವ ನಿವಾಸಗಳಿಗೆ ಆ ಹೆಸರು ಸಲ್ಲುತ್ತದೆ. ಅಲ್ಲಿ ಪ್ರವೇಶಕಾಲದಲ್ಲಿ ರುಜು ಮಾಡಿಸಿಕೊಳ್ಳುವ ಕಾಗದಗಳ ಕಟ್ಟಿನಲ್ಲಿ ಮಧ್ಯಸ್ಥಿಕೆಯ ಕರಾರೂ ಒಂದಿರುವುದುಂಟು. ಮುಂದೆ ಅಲಕ್ಷ್ಯದಿಂದ ನಿವಾಸಿಗೆ ಹಾನಿಯೊದಗಿದರೆ, ನ್ಯಾಯಾಲಯಕ್ಕೆ ಹೋಗದೆ, ಜ್ಯೂರಿಯ ವಿಚಾರಣೆಯನ್ನು ಬಿಟ್ಟುಕೊಟ್ಟು, ಖಾಸಗಿ ಮಧ್ಯಸ್ಥನ ತೀರ್ಪಿಗೆ ಬದ್ಧರಾಗತಕ್ಕದ್ದೆಂಬುದು ಅದರ ತಾತ್ಪರ್ಯ. ಇಂಥ ರುಜುವನ್ನು ಸಮ್ಮತಿಯೆಂದು ಎಣಿಸಬಹುದೇ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ತಿಳಿದು ಕೊಟ್ಟ ಸಮ್ಮತಿಯೆಂಬ ಭಾವನೆ ವೈದ್ಯವೃತ್ತಿಯಿಂದ ಬಂದುದು. ಅದರ ಇಂಗ್ಲಿಷ್ ಹೆಸರು 1957ರಲ್ಲಿ ಕ್ಯಾಲಿಫೋರ್ನಿಯದ ಒಂದು ತೀರ್ಪಿನಲ್ಲಿ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಗೆ ಒಪ್ಪುವ ರೋಗಿಗೆ ತನ್ನ ವ್ಯಾಧಿಯೂ ಚಿಕಿತ್ಸೆಯ ಅಪಾಯವೂ ಕಣ್ಣೆದುರಿಗಿರುತ್ತವೆ. ಮಧ್ಯಸ್ಥಿಕೆಗೆ ಒಪ್ಪುವ ನಿವಾಸಿಗೆ ಮುಂದೆ ಹಾಸಿಗೆಹುಣ್ಣಾದೀತೋ, ಬಿದ್ದು ಮೂಳೆ ಮುರಿದೀತೋ, ಏನೂ ತಿಳಿಯದು. ಇನ್ನೂ ಆಗದ ಹಾನಿಗೆ ಸಂಬಂಧಿಸಿದ ಹಕ್ಕನ್ನು ಆತ ಮೊದಲೇ ಬಿಟ್ಟುಕೊಡುತ್ತಾನೆ.

1925ರ ಒಕ್ಕೂಟ ಮಧ್ಯಸ್ಥಿಕೆ ಕಾಯಿದೆಯು ಇಂಥ ಕರಾರುಗಳನ್ನು ಇತರ ಕರಾರುಗಳಿಗೆ ಸಮಾನವಾಗಿ ಕಾಣಬೇಕೆಂದು ವಿಧಿಸುತ್ತದೆ. ಮೆಡಿಕೇರ್, ಮೆಡಿಕೈಡ್ ಎಂಬ ಸರ್ಕಾರಿ ಯೋಜನೆಗಳ ಹಣ ಪಡೆಯುವ ನಿವಾಸಗಳು ವ್ಯಾಜ್ಯ ಹುಟ್ಟುವುದಕ್ಕೆ ಮುಂಚೆ ಇದನ್ನು ಬರೆಯಿಸಿಕೊಳ್ಳಕೂಡದೆಂದು 2016ರಲ್ಲಿ ಒಕ್ಕೂಟ ಸರ್ಕಾರ ನಿಯಮ ಮಾಡಿತು; ಜಾರಿಗೆ ಬರುವ ಮೊದಲೇ ಮಿಸಿಸಿಪ್ಪಿಯ ಒಕ್ಕೂಟ ನ್ಯಾಯಾಲಯ ಅದನ್ನು ತಡೆಯಿತು. 2019ರ ನಿಯಮ ನಿಷೇಧವನ್ನು ಕೈಬಿಟ್ಟು ಸಮ್ಮತಿಯ ಕಡೆಗೆ ತಿರುಗಿತು. ಕರಾರನ್ನು ಪ್ರವೇಶದ ಷರತ್ತಾಗಿಸಕೂಡದು. ನಿವಾಸಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಅರ್ಥವಾಯಿತೆಂದು ಆತ ಒಪ್ಪಬೇಕು. 30 ದಿನಗಳೊಳಗೆ ರದ್ದುಪಡಿಸುವ ಹಕ್ಕಿರಬೇಕು. ಆದರೆ ಹಾನಿಯು ಆ ಅವಧಿ ಕಳೆದ ಮೇಲೆ ಸಂಭವಿಸಿದರೆ ಈ ಹಕ್ಕಿನಿಂದ ಏನು ಪ್ರಯೋಜನವೋ ನಮಗೆ ಕಾಣದು. ಅರ್ಥವಾಯಿತೆಂಬ ಹೇಳಿಕೆಯೂ ಇನ್ನೊಂದು ರುಜುವಾಗಿ ಮುಗಿಯುವ ಸಂಭವವುಂಟು.

ಇದಕ್ಕಿಂತ ಜಟಿಲವಾದುದು ರುಜು ಮಾಡುವವರಾರೆಂಬ ಪ್ರಶ್ನೆ. ಮರೆವಿನ ರೋಗಕ್ಕೆ ತುತ್ತಾದ ತಾಯಿಯ ಪರವಾಗಿ ಲೇಖನಿ ಹಿಡಿಯುವವಳು ಮಗಳು. ಅಂದೇ ಸ್ಥಳ ದೊರೆಯಬೇಕೆಂಬ ಆತುರ ಆಕೆಯದು. ಹಕ್ಕನ್ನು ಕಳೆದುಕೊಳ್ಳುವವಳು ತಾಯಿ. ನ್ಯಾಯಾಲಯವನ್ನೂ ಜ್ಯೂರಿಯನ್ನೂ ಬಿಟ್ಟುಕೊಡುವ ಅಧಿಕಾರವು ಮುಖ್ತ್ಯಾರ್‌ನಾಮೆಯಲ್ಲಿ ಸ್ಪಷ್ಟವಾಗಿ ಬರೆದಿರಬೇಕೆಂದು ಕೆಂಟಕಿ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯ ವಿಧಿಸಿತ್ತು. ನಮ್ಮ ದೃಷ್ಟಿಗೆ ಅದು ಅತಿಯಾದ ಬೇಡಿಕೆಯೇನೂ ಅಲ್ಲ. ಆದರೆ ಮಧ್ಯಸ್ಥಿಕೆಗೆ ಮಾತ್ರ ಒಡ್ಡಿದ ತೊಡಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಅದನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಎಲೀನಾ ಕೇಗನ್ ತೀರ್ಪು ಬರೆದರು.

2024ರಲ್ಲಿ ಕ್ಯಾಲಿಫೋರ್ನಿಯದ ಶ್ರೇಷ್ಠ ನ್ಯಾಯಾಲಯ ಬೇರೊಂದು ದಾರಿ ಹಿಡಿಯಿತು. ವೈದ್ಯೋಪಚಾರದ ನಿರ್ಣಯಗಳಿಗಾಗಿ ಕೊಟ್ಟ ಮುಖ್ತ್ಯಾರ್‌ನಾಮೆ, ಪ್ರತ್ಯೇಕವೂ ಐಚ್ಛಿಕವೂ ಆದ ಮಧ್ಯಸ್ಥಿಕೆಯ ಕರಾರಿಗೆ ರುಜು ಮಾಡುವ ಅಧಿಕಾರವನ್ನು ಒಳಗೊಳ್ಳದೆಂದು ಅದು ತೀರ್ಮಾನಿಸಿತು. ರುಜು ಹಾಕದೆಯೂ ಪ್ರವೇಶವೂ ಶುಶ್ರೂಷೆಯೂ ದೊರೆಯುವುದರಿಂದ ಆ ಕರಾರು ಉಪಚಾರದ ಅಂಗವಲ್ಲವೆಂಬುದು ಅಲ್ಲಿಯ ಮುಖ್ಯ ತರ್ಕ. ಕೆಂಟಕಿಯ ನಿಯಮಕ್ಕೆ ಮಧ್ಯಸ್ಥಿಕೆಯೇ ಗುರಿಯಾಗಿತ್ತು. ಇಲ್ಲಿ ನ್ಯಾಯಾಲಯವು ಮುಖ್ತ್ಯಾರ್‌ನಾಮೆಯ ವ್ಯಾಪ್ತಿಯನ್ನಷ್ಟೇ ಅಳೆಯಿತು.