ಆಟದ ಸಾಮಾನೂ ಗೊಂಬೆಯ ಪೆಟ್ಟಿಗೆಯೂ

ಮಕ್ಕಳಿರುವ ಮನೆಯನ್ನು ಗುರುತಿಸಲು ತೊಟ್ಟಿಲನ್ನು ಹುಡುಕಬೇಕಾದುದಿಲ್ಲ. ಹೊಸಲು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಕ್ರ ಕಳೆದುಕೊಂಡ ಬಸ್ಸೊಂದು ಅಂಗಾಲಿಗೆ ಚುಚ್ಚಿದರೆ ಸಾಕು. ನಮ್ಮ ಮನೆಯೂ ಅಂಥದೇ. ಅಣ್ಣ, ಅತ್ತಿಗೆ, ಅಜ್ಜಿ, ನಾನು ಮತ್ತು ಅಣ್ಣನ ಮೂರು ವರ್ಷದ ಮಗಳು ಪುಟ್ಟಿ, ಇಷ್ಟು ಜನಕ್ಕೆ ಎರಡು ಕೋಣೆ, ಒಂದು ನಡುಮನೆ. ಪುಟ್ಟಿಯ ಆಟದ ಸಾಮಾನಿಗೆ ಮಾತ್ರ ಮಿತಿಯೆಂಬುದಿರಲಿಲ್ಲ. ಹುಟ್ಟುಹಬ್ಬಕ್ಕೆ ಬಂದವು, ಜಾತ್ರೆಯಲ್ಲಿ ಕೊಂಡವು, ತಿಂಡಿಯ ಪೊಟ್ಟಣದೊಡನೆ ಬಿಟ್ಟಿಯಾಗಿ ಸಿಕ್ಕಿದವು, ಎಲ್ಲವೂ ಒಂದೇ ಅಕ್ಕಿ ಚೀಲದಲ್ಲಿ. ಬೆಳಿಗ್ಗೆ ಅದನ್ನು ನಡುಮನೆಯಲ್ಲಿ ಸುರಿಯುವುದು ಪುಟ್ಟಿಯ ಕೆಲಸ. ರಾತ್ರಿ ಮತ್ತೆ ತುಂಬುವುದು ಅತ್ತಿಗೆಯ ಕೆಲಸ. ಇವೆರಡರ ನಡುವೆ ನಡೆಯಬೇಕಾಗಿದ್ದ ಆಟವೇ ನಡೆಯುತ್ತಿರಲಿಲ್ಲ. ಸುರಿದ ಐದು ನಿಮಿಷಕ್ಕೆಲ್ಲ ಮಗು ಬಂದು ಸೆರಗು ಹಿಡಿದು, “ಅಮ್ಮಾ, ಆಡೋಕೆ ಏನೂ ಇಲ್ಲ” ಎನ್ನುತ್ತಿತ್ತು. ಒಲೆಯ ಮುಂದಿದ್ದ ಅತ್ತಿಗೆಗೆ ನಗುವುದೋ ಅಳುವುದೋ ತಿಳಿಯದು. ಕೊನೆಗೆ ಮೊಬೈಲನ್ನು ಕೈಗೆ ಕೊಟ್ಟರೇ ಮನೆಯಲ್ಲಿ ಶಾಂತಿ. ಒಂದು ಸಂಜೆ ಹಾಗೆ ಕೊಟ್ಟು ಬಂದವಳು, “ನನ್ನ ಮಗು ಆಡೋದನ್ನೇ ಮರೆತುಬಿಡತ್ತೇನೋ” ಎಂದು ಕಣ್ಣೊರೆಸಿಕೊಂಡಳು.

ಬಿ.ಎ. ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಓದುತ್ತಿದ್ದೇನೆಂಬ ಹೆಮ್ಮೆಯಿಂದ ನಾನು ಈ ಪ್ರಶ್ನೆಗೆ ಕೈಹಾಕಿದೆ. ಉತ್ತರ ದೊರೆತದ್ದು ಅರ್ಧ ಪುಸ್ತಕದಲ್ಲಿ, ಅರ್ಧ ಅಜ್ಜಿಯ ಪೆಟ್ಟಿಗೆಯಲ್ಲಿ.

ಒಂದು ಭಾನುವಾರ ಚೀಲವನ್ನು ಸುರಿದು ಎಣಿಸಿದೆ. ಒಡೆದವನ್ನು ಬಿಟ್ಟು 71 ಸಾಮಾನು! ಇಷ್ಟಿದ್ದೂ “ಏನೂ ಇಲ್ಲ” ಎನ್ನುವ ಮಗು ಸುಳ್ಳು ಹೇಳುತ್ತಿಲ್ಲವೆಂಬುದು ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ. ರಾಶಿಯಲ್ಲಿ ಕಣ್ಣಿಗೆ ಬೀಳುವುದು ಮೇಲಿನ ನಾಲ್ಕಾರು ಮಾತ್ರ. ಅಡಿಗೆ ಆಟದ ಒಲೆ ಮೇಲಿದ್ದರೆ ಪಾತ್ರೆ ತಳದಲ್ಲಿ. ಪಾತ್ರೆ ಸಿಕ್ಕಿದಾಗ ಒಲೆ ಇಲ್ಲ. ಎರಡನೆಯದಾಗಿ, ಒಂದು ವಸ್ತುವನ್ನು ಎಡೆಬಿಡದೆ ಕಾಣುತ್ತಿದ್ದರೆ ಮನಸ್ಸು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ಗೋಡೆಯ ಗಡಿಯಾರದ ಟಿಕ್ ಟಿಕ್ ಶಬ್ದ ಮನೆಯವರ ಕಿವಿಗೆ ಬೀಳುವುದಿಲ್ಲವಷ್ಟೆ. ಬಂದ ನೆಂಟರಿಗೆ ರಾತ್ರಿಯೆಲ್ಲ ಕೇಳಿಸುತ್ತದೆ. ಇದಕ್ಕೆ ಮನಶ್ಶಾಸ್ತ್ರಜ್ಞರು ರೂಢಿಗೊಳ್ಳುವಿಕೆ ಎನ್ನುತ್ತಾರೆ. ಸಂತೋಷದ ಸಂಗತಿಯೆಂದರೆ, ಈ ರೂಢಿ ಶಾಶ್ವತವಲ್ಲ. ವಸ್ತುವು ಕೆಲವು ಕಾಲ ಕಣ್ಮರೆಯಾಗಿದ್ದು ಮತ್ತೆ ಬಂದರೆ ಹಳೆಯ ಕುತೂಹಲವೂ ಬಹುಮಟ್ಟಿಗೆ ಮರಳುತ್ತದೆ. ಆಟಿಕೆಗಳನ್ನು ಸರದಿಯ ಮೇಲೆ ಹೊರತೆಗೆಯುವ ಪದ್ಧತಿಯ ಬುಡ ಇದೇ.

ಮೂರನೆಯ ಕಾರಣ, ಕೈಯಲ್ಲಿರುವ ಒಂದನ್ನು ಉಳಿದ 70 ಕರೆಯುವುದು. ಅಮೆರಿಕದ ಟೊಲೆಡೊ ವಿಶ್ವವಿದ್ಯಾನಿಲಯದವರು ಇದನ್ನು ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಒಂದೂವರೆ ವರ್ಷದಿಂದ ಎರಡೂವರೆ ವರ್ಷದವರೆಗಿನ 36 ಮಕ್ಕಳನ್ನು ಒಬ್ಬೊಬ್ಬರಾಗಿ, ಒಮ್ಮೆ 4 ಆಟಿಕೆಗಳ ನಡುವೆ, ಇನ್ನೊಮ್ಮೆ 16 ಆಟಿಕೆಗಳ ನಡುವೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರಲ್ಲಿ ಹೆಚ್ಚು ಹೊತ್ತು ತೊಡಗಿದರು. ಅಷ್ಟೇ ಅಲ್ಲ, ಅದೇ ಆಟಿಕೆಯಿಂದ ಹೆಚ್ಚು ಬಗೆಯ ಆಟಗಳನ್ನು ಹುಟ್ಟಿಸಿಕೊಂಡರು. ಪ್ರಯೋಗಶಾಲೆಯ ಕೋಣೆಯೇ ಬೇರೆ, ನಮ್ಮ ನಡುಮನೆಯೇ ಬೇರೆ, ನಿಜ. ಆದರೂ ಅತ್ತಿಗೆಗೆ ಇದನ್ನು ಓದಿ ಹೇಳಿದಾಗ ಆಕೆಗೆ ಆಶ್ಚರ್ಯವಾಗಲಿಲ್ಲ.

ಅಜ್ಜಿಗಂತೂ ಇದು ಹೊಸ ವಿಷಯವೇ ಆಗಿರಲಿಲ್ಲ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವುದು ವಾಚಕರಿಗೆ ತಿಳಿದದ್ದೇ. ಬೆಸ ಸಂಖ್ಯೆಯ ಮೆಟ್ಟಿಲು, ಮೇಲೆ ಪಟ್ಟದ ಗೊಂಬೆಗಳ ಜೋಡಿ, ಕೆಳಗೆ ಶೆಟ್ಟಿ ಶೆಟ್ಟಿತಿ, ತರಕಾರಿ ಅಂಗಡಿ, ಆನೆ ಅಂಬಾರಿ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸುತ್ತಾರೆ. ಆಮೇಲೆ ಒಂದೊಂದನ್ನೂ ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದರೆ ಮತ್ತೆ ಬೆಳಕು ಕಾಣುವುದು ಮುಂದಿನ ವರ್ಷ. ನಾನು ಚಿಕ್ಕವಳಾಗಿದ್ದಾಗ ಆ ಪೆಟ್ಟಿಗೆಯ ಮುಚ್ಚಳ ತೆರೆಯುವ ಸದ್ದಿಗೆ ಓಡಿಬರುತ್ತಿದ್ದೆ. ಅದೇ ಗೊಂಬೆಗಳು, ಅದೇ ಮೂಗು ಮುರಿದ ಪೋಲೀಸಿನವನು; ಆದರೂ ಪ್ರತಿವರ್ಷ ಹೊಸಬರನ್ನು ಕಂಡಂತೆ. ಅಜ್ಜಿ ಕೇಳಿದರು: “ವರ್ಷವಿಡೀ ಹೊರಗಿಟ್ಟಿದ್ದರೆ ಇವನ್ನ ನೋಡೋಕೆ ನೀನೇ ಬರುತ್ತಿದ್ದೆಯೇನೇ?”

ಆ ದಿನವೇ ಕೆಲಸ ಆರಂಭವಾಯಿತು. ಒಡೆದವುಗಳನ್ನು ಬೇರೆಮಾಡಿ, ಉಳಿದವನ್ನು ಬಣ್ಣ ಗಾತ್ರಗಳಿಂದಲ್ಲದೆ ಅವು ಯಾವ ಬಗೆಯ ಆಟಕ್ಕೆ ಒದಗುವುವೆಂಬುದರಿಂದ ವಿಂಗಡಿಸಿದೆವು. ಕಟ್ಟುವ ಆಟ, ಅಂದರೆ ಮರದ ತುಂಡು, ಬಳೆ ಪೇರಿಸುವ ಕಂಬ. ನಟಿಸುವ ಆಟ, ಅಂದರೆ ಅಡಿಗೆ ಸಾಮಾನು, ಗೊಂಬೆ, ತಕ್ಕಡಿ. ಎಳೆಯುವ, ಉರುಳಿಸುವ ಬಂಡಿಗಳು. ಕುಳಿತು ಬೆರಳಿನಿಂದ ಮಾಡುವ ಜೋಡಣೆ, ಚಿತ್ರದ ಪುಸ್ತಕ. ಪ್ರತಿಯೊಂದು ಬಗೆಯಿಂದಲೂ ಎರಡೆರಡು ಹೊರಗೆ, ಒಟ್ಟು ಎಂಟು. ಉಳಿದದ್ದು ಮೂರು ಪಾಲಾಗಿ ಮೂರು ಬಟ್ಟೆ ಚೀಲಗಳಲ್ಲಿ ಅಟ್ಟಕ್ಕೆ. ಒಂದು ಆಟಕ್ಕೆ ಸೇರಿದ ತುಂಡುಗಳೆಲ್ಲ ಒಂದೇ ಡಬ್ಬಿಯಲ್ಲಿರತಕ್ಕದ್ದು. ಈ ಒಂದು ನಿಯಮವನ್ನು ಸಡಿಲಿಸಿದರೆ ಮಿಕ್ಕ ಏರ್ಪಾಡೆಲ್ಲ ವ್ಯರ್ಥ. ಓದು ಬಾರದ ಪುಟ್ಟಿಗೆಂದು ಡಬ್ಬಿಯ ಮೇಲೆ ಒಳಗಿನ ವಸ್ತುವಿನ ಚಿತ್ರ ಬರೆದು ಅಂಟಿಸಿದೆ. ನನ್ನ ಚಿತ್ರದ ತಕ್ಕಡಿಯನ್ನು ಆಕೆ ಇಂದಿಗೂ ಸೈಕಲ್ಲೆಂದೇ ಹೇಳುವಳು. ಆದರೂ ಸರಿಯಾದ ಡಬ್ಬಿಯನ್ನೇ ತೆಗೆಯುವಳು.

ಹೊರಗಿನ ಎಂಟಕ್ಕೆ ಒಂದು ಹಲಗೆ, ಮಗುವಿನ ಎದೆಯ ಎತ್ತರದಲ್ಲಿ. ರೋಮಿನಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದ ವೈದ್ಯೆ ಮಾರಿಯಾ ಮಾಂಟೆಸ್ಸೊರಿ ಮಕ್ಕಳ ಕೈಗೆಟಕುವ ಕಪಾಟುಗಳ ಮೇಲೆ ಅಷ್ಟೊಂದು ಒತ್ತುಕೊಟ್ಟುದು ಸುಮ್ಮನಲ್ಲ. ತಾನೇ ತೆಗೆಯಬಲ್ಲ ಎತ್ತರದಲ್ಲಿದ್ದರೆ ತಾನೇ ಇಡಲೂ ಬಲ್ಲದು. ಚೀಲಕ್ಕೆ ತುಂಬುವುದು ಮಗುವಿಗೆ ಶಿಕ್ಷೆಯಂತೆ ಕಾಣುತ್ತದೆ. ಆನೆಯ ಜಾಗದಲ್ಲಿ ಆನೆಯನ್ನಿಡುವುದು ಅದಕ್ಕೆ ಆಟದ ಕೊನೆಯ ಭಾಗವೇ ಆಗಿಬಿಡುತ್ತದೆ.

ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು? ನಾವು ಹದಿನೈದು ದಿನವೆಂದು ಗೊತ್ತುಮಾಡಿದೆವು, ಆದರೆ ಪಂಚಾಂಗಕ್ಕಿಂತ ಮಗುವನ್ನು ನೋಡುವುದು ಲೇಸು. ವಾರವಿಡೀ ಮುಟ್ಟದ ವಸ್ತು ಒಳಗೆ ಹೋಗಬಹುದು. ದಿನವೂ ಮನೆ ಕಟ್ಟಿ ಕೆಡವುತ್ತಿದ್ದರೆ ಮರದ ತುಂಡುಗಳು ತಿಂಗಳಾದರೂ ಹೊರಗೇ ಇರಲಿ. ಒಮ್ಮೆಗೇ ಎಂಟನ್ನೂ ಬದಲಾಯಿಸಿದರೆ ಮಗುವಿಗೆ ಪರಸ್ಥಳಕ್ಕೆ ಬಂದಂತಾಗುತ್ತದೆ. ಮೂರೋ ನಾಲ್ಕೋ ಸಾಕು.

ನಾನು ತಪ್ಪಿದ್ದು ಇಲ್ಲಿಯೇ. ಮೊದಲನೆಯ ಬದಲಾವಣೆಯ ದಿನ ಮಗು ಮಲಗಿದ್ದಾಗ, ಕೊಳೆಯಾಗಿದ್ದ ಒಂದು ಬಟ್ಟೆಯ ಗೊಂಬೆಯನ್ನು ಅಟ್ಟಕ್ಕೆ ಹಾಕಿದೆ. ಹಗಲು ಅದನ್ನು ಪುಟ್ಟಿ ಆಡಿಸಿದ್ದು ನಾನು ಕಂಡಿರಲಿಲ್ಲ. ಅದರ ಕೆಲಸ ರಾತ್ರಿಯದು ಎಂಬುದು ನನಗೆ ಗೊತ್ತಾದದ್ದು ಎರಡು ರಾತ್ರಿ ಮನೆಯವರೆಲ್ಲ ನಿದ್ದೆಗೆಟ್ಟ ಮೇಲೆ. ಏನು ಬೇಕೆಂದು ಹೇಳಲಾರದೆ ಮಗು ಗೋಡೆಯ ಕಡೆ ತಿರುಗಿ ಬಿಕ್ಕಿತು. ಮೂರನೆಯ ದಿನ ಅತ್ತಿಗೆ ತಾನೇ ಏಣಿ ಹತ್ತಿ ಗೊಂಬೆಯನ್ನು ಇಳಿಸಿದಳು. ನನಗೆ ಒಂದು ಮಾತನ್ನೂ ಅನ್ನಲಿಲ್ಲ, ಅಂದಿದ್ದರೆ ವಾಸಿಯಾಗಿತ್ತು. ಮಗುವಿಗೆ ಒರಗಿಕೊಳ್ಳಲು ಬೇಕಾದ ವಸ್ತು ಸರದಿಯ ಲೆಕ್ಕಕ್ಕೆ ಸೇರಕೂಡದು. ಅಂದಿನಿಂದ ಏನನ್ನು ಒಳಗಿಡಬೇಕಾದರೂ ಮಗು ಎಚ್ಚರವಿದ್ದಾಗ, ಅದರ ಎದುರಿಗೇ, ಕೇಳಿಯೇ. “ಮಾತು ಕೇಳದಿದ್ದರೆ ಬಂಡಿಯನ್ನು ಅಟ್ಟಕ್ಕೆ ಹಾಕುತ್ತೇನೆ” ಎಂದು ಅಣ್ಣ ಒಮ್ಮೆ ಗದರಿದಾಗಲೂ ಅಜ್ಜಿ ತಡೆದರು. ಅಟ್ಟವೆಂದರೆ ಜೈಲೆಂದು ಮಗು ತಿಳಿದುಕೊಂಡರೆ ಒಂದನ್ನಾದರೂ ಕೈಬಿಟ್ಟೀತೆ?

ಸಾಮಾನನ್ನು ಒಳಗಿಡುವ ದಿನವೇ ಅದನ್ನು ಪರೀಕ್ಷಿಸುವ ದಿನವೂ ಆಗಬೇಕು. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರು ಅಗಲದ ಒಂದು ಪುಟ್ಟ ಕೊಳವೆಯನ್ನು ಬಳಸುತ್ತಾರೆ. ಅದರಲ್ಲಿ ಪೂರ್ತಿ ಇಳಿಯುವ ತುಂಡು ಮಗುವಿನ ಗಂಟಲಿಗೆ ಅಪಾಯವೆಂದು ಲೆಕ್ಕ. ಸುಮಾರು ಒಂದೂಕಾಲು ಅಂಗುಲವೆಂದಿಟ್ಟುಕೊಳ್ಳಿ. ಗೋಲಿ, ಕವಡೆ, ಅಳಗುಳಿ ಮಣೆಯ ಹುಣಿಸೆ ಬೀಜ ಎಲ್ಲವೂ ಇದರೊಳಗೇ ಬರುತ್ತವೆ. ಅವು ದೊಡ್ಡ ಮಕ್ಕಳ ಪಾಲಿಗೆ, ಬೇರೆ ಡಬ್ಬಿಗೆ. ಗುಂಡಿಯಂಥ ಚಪ್ಪಟೆ ಬ್ಯಾಟರಿ ಇನ್ನೂ ಭಯಂಕರ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ಆಸ್ಪತ್ರೆಗೆ ಓಡುವುದೊಂದೇ ದಾರಿ. ಅದರ ಮುಚ್ಚಳದ ತಿರುಪು ಸಡಿಲವಾಗಿದ್ದರೆ ಆ ಆಟಿಕೆ ಹಲಗೆಗೆ ಬರಬಾರದು. ಚನ್ನಪಟ್ಟಣದ ಸಾಮಾನನ್ನು ನೀರಿನಲ್ಲಿ ನೆನೆಹಾಕಬಾರದು. ಅದು ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಉಜ್ಜಾಟದ ಬಿಸಿಗೆ ಕರಗಿಸಿ ಹಚ್ಚಿದ್ದು. ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಆರಿಸಿದರೆ ಸಾಕು. ಇನ್ನು ಚೀಲಕ್ಕೆ ನುಸಿಗುಳಿಗೆ ಬೇಡ. ಮಗು ಅದನ್ನು ಪೆಪ್ಪರಮಿಂಟೆಂದು ಬಾಯಿಗೆ ಹಾಕಿಕೊಂಡೀತು, ಅದು ವಿಷ. ಒಣಗಿದ ಬೇವಿನೆಲೆ ಇರಲಿ.

“71 ಇರುವವರ ಮಾತಾಯಿತು, ಏಳೂ ಇಲ್ಲದವರು ಏನನ್ನು ಬದಲಾಯಿಸಬೇಕು?” ಎಂದು ನನ್ನ ಸಹಪಾಠಿಯೊಬ್ಬಳು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಆಕೆಯ ಮನೆಯಲ್ಲಿ ತಮ್ಮನಿಗೆ ಕೊಂಡ ಆಟಿಕೆ ಎರಡೇ. ಆದರೆ ಅಡಿಗೆಮನೆಗೆ ಈ ತತ್ವ ಇನ್ನೂ ಚೆನ್ನಾಗಿ ಹೊಂದುತ್ತದೆ. ಈ ವಾರ ಒಂದರೊಳಗೊಂದು ಕೂರುವ ಲೋಟಗಳು, ಮುಂದಿನ ವಾರ ಪಾವು, ಚಟಾಕು ಮತ್ತು ಒಂದು ತಟ್ಟೆ ರಾಗಿ (ದೊಡ್ಡವರೊಬ್ಬರು ಹತ್ತಿರವಿರಬೇಕು), ಆಮೇಲೆ ತೆಂಗಿನ ಚಿಪ್ಪು. ಅಕ್ಕಪಕ್ಕದ ಮೂರು ಮನೆಯವರು ತಮ್ಮತಮ್ಮಲ್ಲಿ ಸಾಮಾನುಗಳನ್ನು ಅದಲುಬದಲು ಮಾಡಿಕೊಳ್ಳುವುದೂ ಉಂಟು. ಈಗ ನಮ್ಮ ಒಂದು ಬಟ್ಟೆ ಚೀಲ ಆಕೆಯ ಮನೆಯಲ್ಲಿದೆ. ಪುಟ್ಟಿ ಒಪ್ಪಿಯೇ ಕೊಟ್ಟದ್ದು. ಅಲ್ಲಿಂದ ಒಂದು ಮರದ ಬುಗುರಿ ಬಂದಿದೆ. ಅದನ್ನು ತಿರುಗಿಸಲು ಬಾರದೆ ಅಣ್ಣನೇ ಅರ್ಧ ಗಂಟೆ ಒದ್ದಾಡಿದ.

ಸಂಜೆ ಮೊಬೈಲಿನ ಕಾಟ ಪೂರ್ತಿ ತಪ್ಪಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಪುಟ್ಟಿ ಈಗ ಒಂದೇ ಕಡೆ ಕುಳಿತು ತಕ್ಕಡಿಯಲ್ಲಿ ಅಜ್ಜಿಯ ಕನ್ನಡಕವನ್ನೂ ಈರುಳ್ಳಿಯನ್ನೂ ತೂಗುತ್ತಾ ಇರುವಷ್ಟು ಹೊತ್ತಿನಲ್ಲಿ ಅತ್ತಿಗೆ ಸಾರಿಗೆ ಒಗ್ಗರಣೆ ಹಾಕಿ, ಕುಳಿತು ಒಂದು ಲೋಟ ಕಾಫಿ ಕುಡಿಯುತ್ತಾಳೆ. ಕಳೆದ ಭಾನುವಾರ ಆನೆಯ ಸರದಿ ಮುಗಿಯಿತು. ಪುಟ್ಟಿ ಅದನ್ನು ಪಂಚೆಯ ಚೂರಿನಲ್ಲಿ ತಾನೇ ಸುತ್ತಿ, ಚೀಲದಲ್ಲಿ ಅಡ್ಡ ಮಲಗಿಸಿ, ಸೊಂಡಿಲು ಮಾತ್ರ ಹೊರಗಿರಬೇಕೆಂದು ಹಟ ಮಾಡಿದಳು. ಹಾಗೆಯೇ ಕಟ್ಟಿ ಅಟ್ಟಕ್ಕೇರಿಸಿದ್ದೇವೆ.