ತಮ್ಮವರ ಮುನಿಸನ್ನು ಹೊತ್ತವರು

1975ರ ನವೆಂಬರ್ 20ರಂದು ಸರ್ವಾಧಿಕಾರಿ ಫ್ರಾಂಕೋ ಮೃತನಾದಾಗ, ಅಂತರ್ಯುದ್ಧದ ನೆನಪು ಇನ್ನೂ ಮಾಸದಿದ್ದ ಸ್ಪೇನ್ ದೇಶವು ಮತ್ತೊಮ್ಮೆ ರಕ್ತಪಾತಕ್ಕೆ ಈಡಾಗುವುದೆಂದು ಶಂಕಿಸಿದವರು ಅನೇಕರಿದ್ದರು. ಹಾಗಾಗದೆ ಅಲ್ಲಿ ಪ್ರಜಾಪ್ರಭುತ್ವವು ಬೇರೂರಿತೆಂದರೆ, ಅದಕ್ಕೆ ಜನತೆಯ ಸ್ವಾತಂತ್ರ್ಯಾಕಾಂಕ್ಷೆಯೂ ಕಾರ್ಮಿಕರ ಮುಷ್ಕರಗಳೂ ಎಷ್ಟು ಕಾರಣವೋ, ಬದ್ಧವೈರಿಗಳಾಗಿದ್ದ ಕೆಲವೇ ಮಂದಿ ನಾಯಕರ ಸಂಯಮವೂ ಅಷ್ಟೇ ಕಾರಣವೆಂದು ನನ್ನ ದೃಢವಾದ ನಂಬಿಕೆ.

ಫ್ರಾಂಕೋನ ಏಕಪಕ್ಷ ವ್ಯವಸ್ಥೆಯೊಳಗೇ ಬೆಳೆದು 1976ರಲ್ಲಿ ಪ್ರಧಾನಿಯಾದ ಅಡಾಲ್ಫೋ ಸುವಾರೆಸ್ ಅವರು, ಅದೇ ವ್ಯವಸ್ಥೆಯ ಶಾಸನಸಭೆಯಿಂದಲೇ ಅದರ ವಿಸರ್ಜನೆಗೆ 425 ಮತಗಳ ಸಮ್ಮತಿಯನ್ನು ಪಡೆದರು. ಅತ್ತ ದೇಶಭ್ರಷ್ಟರಾಗಿದ್ದು ಗುಟ್ಟಾಗಿ ಮರಳಿದ್ದ ಕಮ್ಯುನಿಸ್ಟ್ ನಾಯಕ ಸಾಂತಿಯಾಗೋ ಕರಿಯೋ ಅವರಿಗೆ ಇನ್ನೂ ಕಠಿನವಾದ ಪರೀಕ್ಷೆಯೊಂದು ಕಾದಿದ್ದಿತು. 1977ರ ಜನವರಿಯಲ್ಲಿ ಮ್ಯಾಡ್ರಿಡ್ಡಿನ ಅತೋಚಾ ಬೀದಿಯ ಕಚೇರಿಯೊಂದಕ್ಕೆ ನುಗ್ಗಿದ ಬಲಪಂಥೀಯ ಘಾತುಕರು, ಕಾರ್ಮಿಕರ ಪರವಾಗಿ ದುಡಿಯುತ್ತಿದ್ದ ವಕೀಲರೂ ಸೇರಿ ಐವರನ್ನು ಕೊಂದರು. ಸೇಡಿನ ಘೋಷಣೆಗಳು ಮೊಳಗಬಹುದಾಗಿದ್ದ ಅವರ ಶವಯಾತ್ರೆಯು ಕಮ್ಯುನಿಸ್ಟ್ ಪಕ್ಷದವರ ಶಿಸ್ತಿನಿಂದ ನಿಶ್ಶಬ್ದವಾಗಿ ಸಾಗಿತು. ಏಪ್ರಿಲ್ 9ರಂದು ಸುವಾರೆಸ್ ಅವರು ಸೇನಾಧಿಕಾರಿಗಳ ಕೋಪವನ್ನೂ ನೌಕಾಮಂತ್ರಿಯ ರಾಜೀನಾಮೆಯನ್ನೂ ಸಹಿಸಿ ಆ ಪಕ್ಷಕ್ಕೆ ಮಾನ್ಯತೆಯಿತ್ತರು. ಕರಿಯೋ ಅವರು ರಾಜತ್ವವನ್ನೂ ಕೆಂಪು ಹಳದಿಯ ಧ್ವಜವನ್ನೂ ಅಂಗೀಕರಿಸಿದರು. ಗಣರಾಜ್ಯದ ಬಾವುಟಕ್ಕಾಗಿ ಯುದ್ಧ ಮಾಡಿ ಸೆರೆವಾಸ ಅನುಭವಿಸಿದ್ದ ಅವರ ವೃದ್ಧ ಸಂಗಾತಿಗಳಿಗೆ ಇದೆಷ್ಟು ನೋವಿನ ಮಾತಾಗಿರಬೇಕು! ಎದುರಾಳಿಯನ್ನು ಖಂಡಿಸುವುದು ಯಾವ ನಾಯಕನಿಗೂ ಸುಲಭ; ತನ್ನನ್ನು ನಂಬಿದವರ ಮುಂದೆ ನಿಂತು, ಅವರಿಗೆ ಪ್ರಿಯವಲ್ಲದುದನ್ನು ಒಪ್ಪಿಸುವುದಕ್ಕೆ ಬೇರೆಯೇ ಬಗೆಯ ಧೈರ್ಯ ಬೇಕು.

ಅದೇ ವರ್ಷದ ಅಕ್ಟೋಬರಿನಲ್ಲಿ, ಬೆಲೆಗಳು ಶೇಕಡಾ 25ಕ್ಕೂ ಮೀರಿ ಏರುತ್ತಿದ್ದಾಗ, ಎಲ್ಲ ಮುಖ್ಯ ಪಕ್ಷಗಳೂ ಮೊಂಕ್ಲೋವಾ ಒಪ್ಪಂದಕ್ಕೆ ಸಹಿಯಿತ್ತವು: ಎಡಪಕ್ಷಗಳು ಕೂಲಿಯ ಏರಿಕೆಗೆ ಮಿತಿಯನ್ನೊಪ್ಪಿದವು, ಸರ್ಕಾರವು ತೆರಿಗೆಯ ಸುಧಾರಣೆಗೆ ಮಾತು ಕೊಟ್ಟಿತು. 1978ರ ಡಿಸೆಂಬರ್ 6ರಂದು ಜನರು ಸಂವಿಧಾನವನ್ನು ಅನುಮೋದಿಸಿದರು.

1981ರ ಫೆಬ್ರವರಿ 23ರಂದು ಲೆಫ್ಟಿನೆಂಟ್ ಕರ್ನಲ್ ತೆಖೇರೋ ಸಶಸ್ತ್ರ ಪಡೆಯೊಡನೆ ಸಂಸತ್ತಿಗೆ ನುಗ್ಗಿ ಗುಂಡು ಹಾರಿಸಿದಾಗ, ಉಳಿದ ಸದಸ್ಯರು ನೆಲದ ಮೇಲೆ ಅವಿತುಕೊಂಡರೂ, ಸುವಾರೆಸ್, ಕರಿಯೋ ಹಾಗೂ ವೃದ್ಧ ಸೇನಾನಿ ಗುತಿಯೆರೆಸ್ ಮೆಯಾದೋ ಮಾತ್ರ ತಲೆಬಾಗಿಸಲಿಲ್ಲ. ನಡುರಾತ್ರಿ ಕಳೆದ ಮೇಲೆ ದೊರೆ ಹುವಾನ್ ಕಾರ್ಲೋಸ್ ಸೈನಿಕ ಸಮವಸ್ತ್ರದಲ್ಲಿ ದೂರದರ್ಶನದ ಮೂಲಕ ಸಂವಿಧಾನದ ಪಕ್ಷವನ್ನು ವಹಿಸಿದನು, ಕ್ಷಿಪ್ರಕ್ರಾಂತಿಯು ಮುರಿದುಬಿದ್ದಿತು. ಮರುವರ್ಷವೇ ಸಮಾಜವಾದಿಗಳು ಚುನಾವಣೆಯಲ್ಲಿ ಗೆದ್ದು ಶಾಂತವಾಗಿ ಅಧಿಕಾರಕ್ಕೆ ಬಂದರು.

ಈ ಸಾಮರಸ್ಯಕ್ಕೆ ತೆತ್ತ ಬೆಲೆಯನ್ನು ಮರೆಮಾಚುವುದು ನ್ಯಾಯವಲ್ಲ. 1977ರ ಕ್ಷಮಾದಾನ ಶಾಸನವು ರಾಜಕೀಯ ಬಂದಿಗಳನ್ನು ಬಿಡಿಸಿದುದಲ್ಲದೆ, ಫ್ರಾಂಕೋ ಆಡಳಿತದಲ್ಲಿ ದೌರ್ಜನ್ಯವೆಸಗಿದವರನ್ನೂ ವಿಚಾರಣೆಯಿಂದ ಪಾರುಮಾಡಿತು. ಗುರುತಿಲ್ಲದ ಗುಂಡಿಗಳಲ್ಲಿ ಹೂಳಲ್ಪಟ್ಟ ಸಹಸ್ರಾರು ಮಂದಿಯ ಬಂಧುಗಳು, ತಮ್ಮವರನ್ನು ಹುಡುಕಲು ಸರ್ಕಾರದ ಸಹಾಯವನ್ನು ಸಂಸತ್ತು ಶಾಸನದಲ್ಲಿ ಬರೆಯುವುದಕ್ಕಾಗಿ 2007ರವರೆಗೆ ಕಾಯಬೇಕಾಯಿತು.