ಹಳೆ ವಾಹನ ಕೊಳ್ಳುವಿರಾ? ಚಾಸಿ ಸಂಖ್ಯೆ ಓದಿ

ಚಳ್ಳಕೆರೆ: ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ‘ಕೆಎ-16’ ಎಂಬ ಫಲಕ, ವಾಹನವು ಚಿತ್ರದುರ್ಗದಲ್ಲಿ ನೋಂದಣಿಯಾಗಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ವಾಹನದ ನಿಜವಾದ ಜಾತಕವಿರುವುದು ಚಾಸಿಯ ಮೇಲೆ ಅಚ್ಚೊತ್ತಿದ 17 ಅಂಕಿ-ಅಕ್ಷರಗಳಲ್ಲಿ.

ಇವುಗಳಲ್ಲಿ ಮೊದಲ ಮೂರು ತಯಾರಕರನ್ನು ಸೂಚಿಸುತ್ತವೆ. ‘ಎಂಎಟಿ’ ಎಂದರೆ ಟಾಟಾ ಮೋಟಾರ್ಸ್. ‘ಎಂಎ3’ ಎಂದರೆ ಮಾರುತಿ ಸುಜುಕಿ. ನಂತರದ ಆರು ಸ್ಥಾನಗಳು ಮಾದರಿ, ಎಂಜಿನ್ ಮುಂತಾದ ವಿವರಗಳಿಗೆ ಮೀಸಲು. ಉಳಿದ ಎಂಟರಲ್ಲಿ ತಯಾರಿಕೆಯ ಕ್ರಮಸಂಖ್ಯೆ ಇರುತ್ತದೆ. ಅನೇಕ ಕಂಪೆನಿಗಳು 10ನೆಯ ಸ್ಥಾನದಲ್ಲಿ ವರ್ಷವನ್ನು ನಮೂದಿಸುತ್ತವೆ: ‘9’ ಎಂದರೆ 2009, ‘ಎ’ ಎಂದರೆ 2010, ‘ಬಿ’ ಎಂದರೆ 2011. ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಅವು ಕಂಡುಬಂದರೆ ಅನುಮಾನಿಸಬೇಕು.

ಅಮೆರಿಕದಲ್ಲಿ ಈ 17ರ ಪದ್ಧತಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದಿನ ಷೆವರ್ಲೆ, ಫೋರ್ಡ್ ಕಾರುಗಳಲ್ಲಿ ಒಂದೊಂದು ಕಂಪೆನಿಗೆ ಒಂದೊಂದು ಸಂಕೇತ. ಬಾಡಿಗೆ ಜೋಡಿಸಿದ ಲೋಹದ ಪಟ್ಟಿಯೇ ಮೂಲ ಬಣ್ಣ, ಆಸನದ ಹೊದಿಕೆಗಳ ಗುಟ್ಟು ಹೇಳುತ್ತದೆ. ಭಾರತದಲ್ಲಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಖಾಸಗಿ ವಾಹನಗಳಿಗೆ 2021ರ ನಿಯಮದನ್ವಯ ‘ವಿಎ’ ಸರಣಿಯ ಪ್ರತ್ಯೇಕ ನೋಂದಣಿ ಇರುವುದರಿಂದ, ಇಂಥ ಪಟ್ಟಿಗಳ ಮಹತ್ವ ಇಲ್ಲಿಯೂ ಕಡಿಮೆಯಲ್ಲ.

ಹಣ ಕೊಡುವ ಮುನ್ನ ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಆರ್‌ಸಿಯೊಂದಿಗೆ ಅಕ್ಷರಶಃ ಹೋಲಿಸಿ ನೋಡುವುದು ಲೇಸು. ಅಂಕಿಗಳ ಸುತ್ತ ಅರ ಹಾಕಿದ, ಬೆಸುಗೆ ಹಾಕಿದ ಗುರುತಿದ್ದರೆ ವ್ಯವಹಾರ ಬೇಡ. ಒಂದು ಅಕ್ಷರ ತಪ್ಪಿದರೂ ಮಾಲೀಕತ್ವದ ವರ್ಗಾವಣೆಗೆ ತೊಡಕಾಗಬಹುದು. ಕಳವಿನ ವಾಹನವಾಗಿದ್ದರೆ ಕೊಂಡವರು ಹಣ, ವಾಹನ ಎರಡನ್ನೂ ಕಳೆದುಕೊಳ್ಳುವ ಅಪಾಯವಿದೆ.